ಅರೆತಲೆನೋವೂ ಬಸ್ಸಿನ ಪಯಣವೂ

ಹನೂರು, ಯಳಂದೂರು ಕಡೆಗಳಿಂದ ಕೊಳ್ಳೇಗಾಲದ ಕಾಲೇಜುಗಳಿಗೆ ಬಸ್ಸಿನಲ್ಲಿ ಬರುವ ಮಕ್ಕಳಲ್ಲಿ ಕೆಲವರು ಆಗಾಗ ಹಣೆಯ ಒಂದು ಪಕ್ಕವನ್ನು ಒತ್ತಿಹಿಡಿದು ಕುಳಿತಿರುತ್ತಾರೆ. 'ಓದಲಾರದವರ ನೆಪ' ಎಂದು ಮನೆಯವರು ಅನ್ನುವುದುಂಟು. ನೆಪವಲ್ಲ, ಶ್ರೋತೃಗಳೇ, ಚರಕ ಸುಶ್ರುತರ ಸಂಹಿತೆಗಳು ಅರ್ಧಾವಭೇದಕವೆಂದು ಕರೆದ ವ್ಯಾಧಿಯಿದು. ಗ್ರೀಕರೂ 'ಅರ್ಧ ಕಪಾಲ' ಎಂಬರ್ಥದ ಹೆಸರನ್ನೇ ಕೊಟ್ಟರು; ಮೈಗ್ರೇನ್ ಎಂಬ ಮಾತು ಅದರಿಂದ ಬಂದುದು. ಮದ್ದಿಲ್ಲದಿದ್ದರೆ ನೋವು 4 ಗಂಟೆಯಿಂದ 72 ಗಂಟೆಯವರೆಗೂ ಇರಬಲ್ಲುದು.

ಹಸಿವು, ನಿದ್ರಾಭಂಗ, ಬಾಯಾರಿಕೆ, ಬಿಸಿಲಿನ ಝಳ ಇವು ಅದನ್ನು ಕೆರಳಿಸುತ್ತವೆ. ಬಸ್ಸು ತಪ್ಪೀತೆಂದು ಬರಿಹೊಟ್ಟೆಯಲ್ಲಿ ಹೊರಡುವ ಹುಡುಗಿಗೆ ಈ ನಾಲ್ಕೂ ಒಟ್ಟಿಗೆ ಒದಗುತ್ತವೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಉಳಿಯಿತು. ಆ ಹಣ ಬುತ್ತಿಗೆ ಒದಗಲಿ.

ಒಂದು ರೊಟ್ಟಿಯನ್ನಾದರೂ ತಿಂದು, ಕುಡಿಯುವ ನೀರಿನೊಡನೆ ಹೊರಡಬೇಕು. ರಜೆಯ ದಿನವೂ ಅದೇ ಹೊತ್ತಿಗೆ ಮಲಗಿ ಏಳಬೇಕು. ನೋವು ಬಂದ ದಿನ, ಹೊತ್ತು, ಊಟ, ನಿದ್ದೆಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಅವರು ಕೊಟ್ಟ ಮಾತ್ರೆಯನ್ನು ನೋವು ಮೊದಲಾಗುತ್ತಿದ್ದಂತೆಯೇ ನುಂಗುವುದು ಲೇಸು. ಆದರೆ ನೋವಿನ ಮಾತ್ರೆಗಳನ್ನು ತಿಂಗಳಿಗೆ 10-15 ದಿನ ನುಂಗುತ್ತ ಹೋದರೆ ಮಾತ್ರೆಯೇ ತಲೆನೋವನ್ನು ತರುತ್ತದೆ. ಹಠಾತ್ತನೆ ಎರಗಿದ ಸಿಡಿಲಿನಂಥ ನೋವು, ಜ್ವರದೊಡನೆ ಕತ್ತಿನ ಬಿಗಿತ, ಮಾತಿನ ತೊದಲು, ಕೈಕಾಲಿನ ಸೋಲು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಈ ನೋವು ಹೊರಗೆ ಕಾಣುವುದಿಲ್ಲ. ಆದುದರಿಂದ ಮಗುವಿನ ಮಾತನ್ನು ನಂಬುವುದೇ ಮನೆಯವರು ಮಾಡಬೇಕಾದ ಮೊದಲ ಶುಶ್ರೂಷೆ.