ಗ್ರೌಂಡ್ ಸಿಗದ ಬ್ರೆಡ್‌ಬೋರ್ಡ್, ಕೂಗದ ಅಲಾರಂ

ಚೆನ್ನೈಗೆ ಬಂದಿರೋ ನಮ್ಮವರಿಗೆ ವೇಲಚೇರಿ ಮಳೆ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಊರಲ್ಲಿ ಮಳೆ ಮುಗೀತು ಅನ್ನುವಾಗ ಇಲ್ಲಿ ಶುರುವಾಗುತ್ತೆ. ದೊಡ್ಡ ಮಳೆ ಅಂತ ಸುದ್ದಿ ಬಂದ್ರೆ ಜನ ಕಾರು ತಂದು ಫ್ಲೈಓವರ್ ಮೇಲೆ ನಿಲ್ಲಿಸ್ತಾರೆ.

2015ರ ಪ್ರವಾಹದ ಕಥೆ ಕೇಳಿದ್ದೆ. ಅದಕ್ಕೇ 2023ರಲ್ಲಿ ನಮ್ಮ ಪಾರ್ಕಿಂಗ್‌ಗೆ ಒಂದು ಅಲಾರಂ ಮಾಡಿದೆ. ಒಂದು ಇಎಸ್‌ಪಿ32, ಒಂದು ಫ್ಲೋಟ್ ಸ್ವಿಚ್, ಒಂದು ಬಜರ್, ಪವರ್ ಬ್ಯಾಂಕ್. ಚಿಕ್ಕ ಬ್ರೆಡ್‌ಬೋರ್ಡ್ ಮೇಲೆ ಟೆಸ್ಟ್ ಮಾಡಿದಾಗ ಚೆನ್ನಾಗೇ ಕೂಗಿತು. ಆಮೇಲೆ 830 ತೂತಿನ ದೊಡ್ಡ ಬೋರ್ಡಿಗೆ ಬದಲಾಯಿಸಿದೆ. ಮತ್ತೆ ಟೆಸ್ಟ್ ಮಾಡಲಿಲ್ಲ.

ಡಿಸೆಂಬರ್ 3ರ ರಾತ್ರಿ, ಮಿಚಾಂಗ್ ಮಳೆ. ಅಲಾರಂ ಕೂಗಲಿಲ್ಲ. ಬಾಗಿಲು ಬಡಿದದ್ದು ಕೆಳಗಿನ ಕೋಣೆಯಲ್ಲಿರೋ ವಾಚ್‌ಮನ್ ಅಣ್ಣ. "ತಣ್ಣಿ ವಂದುಚ್ಚು ಸಾರ್." ಅವರ ಹೆಂಡತಿ, ಮಗು ಆಗಲೇ ಮೆಟ್ಟಿಲ ಮೇಲೆ ಕೂತಿದ್ರು. ನನ್ನ ಅಲಾರಂ ನಂಬಿ ಮಲಗಿದ್ದವರು ಅವರು.

ನೀರು ಇಳಿದ ಮೇಲೆ ಮಲ್ಟಿಮೀಟರ್ ಹಿಡಿದೆ. ಪವರ್ ತೆಗೆದು, ಕಂಟಿನ್ಯುಟಿಗೆ ಇಟ್ಟು, ಒಂದು ಪ್ರೋಬ್ ಇಎಸ್‌ಪಿಯ ಗ್ರೌಂಡ್ ಪಿನ್‌ಗೆ, ಇನ್ನೊಂದು ನೀಲಿ ಗೆರೆಯ ಸಾಲಿನ ಒಂದೊಂದೇ ತೂತಿಗೆ. ಅರ್ಧದವರೆಗೆ ಬೀಪ್. ನಡುವೆ ದಾಟಿದ ಕೂಡಲೇ ಮೌನ. ಕೆಲವು ದೊಡ್ಡ ಬೋರ್ಡ್‌ಗಳಲ್ಲಿ ಪವರ್ ಸಾಲು ಮಧ್ಯದಲ್ಲಿ ತುಂಡಾಗಿರುತ್ತೆ. ನೀಲಿ ಗೆರೆಯಲ್ಲೂ ಅಲ್ಲಿ ಸಣ್ಣ ಬಿಡುವು ಇತ್ತು, ನಾನು ನೋಡಿರಲಿಲ್ಲ. ಬಜರ್ ಎಡಗಡೆ, ಫ್ಲೋಟ್ ಬಲಗಡೆ.

ಪವರ್ ಹಾಕಿಯೂ ನೋಡಬಹುದು. ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಪ್ರೋಬ್ ಗ್ರೌಂಡ್ ಪಿನ್‌ಗೆ, ಕೆಂಪು ಪ್ರೋಬ್ ಫ್ಲೋಟ್‌ನ ಗ್ರೌಂಡ್ ತುದಿಗೆ. ಸರಿ ಇದ್ದರೆ ಹೆಚ್ಚುಕಡಿಮೆ ಸೊನ್ನೆ. ನನ್ನದರಲ್ಲಿ ಫ್ಲೋಟ್ ಎತ್ತಿದಾಗ 3.3 ವೋಲ್ಟ್ ಹತ್ತಿರ ತೋರಿಸಿತು. ಒಳಗಿನ ಪುಲ್‌ಅಪ್ ಆ ತುಂಡು ಸಾಲನ್ನೇ ಮೇಲೆ ಎಳೆದಿತ್ತು.

ನಡುವೆ ಒಂದು ಜಂಪರ್ ವೈರ್ ಹಾಕಿದೆ, ಬೋರ್ಡ್ ಸರಿಹೋಯ್ತು. ಆದ್ರೆ ತಪ್ಪು ಅಲ್ಲಿಗೇ ಮುಗಿಯಲ್ಲ. ನನ್ನ ಕೋಡ್‌ನಲ್ಲಿ ಪಿನ್ ಹೈ ಅಂದ್ರೆ ಒಣಗಿದೆ, ಲೋ ಅಂದ್ರೆ ನೀರು. ಗ್ರೌಂಡ್ ಕಿತ್ತರೂ ಹೈ. ಅಂದ್ರೆ ವೈರ್ ಕಿತ್ತುಹೋದರೆ "ಎಲ್ಲ ಒಣಗಿದೆ" ಅಂತ ಸುಳ್ಳು ಹೇಳೋ ಅಲಾರಂ ನಾನೇ ಬರೆದಿದ್ದೆ. "ಎಂಟೆಕ್ ಓದಿ ಇಷ್ಟೂ ಹೊಳೀಲಿಲ್ವೇನೋ?" ಅಂದ್ರು ಅಪ್ಪ ಫೋನಲ್ಲಿ.

ಈಗ ಫ್ಲೋಟನ್ನು ತೆಗೆದು ತಲೆಕೆಳಗಾಗಿ ಹಾಕಿದ್ದೀನಿ. ಒಣಗಿದ್ದಾಗ ಸ್ವಿಚ್ ಮುಚ್ಚಿರುತ್ತೆ, ಪಿನ್ ಲೋ. ನೀರು ಬಂದರೂ ಕೂಗುತ್ತೆ, ಆ ವೈರ್ ಕಿತ್ತರೂ ಕೂಗುತ್ತೆ. ಒಮ್ಮೆ ಇಲಿ ಕಡಿದು ನಡುರಾತ್ರಿ ಕೂಗಿತು, ಯಾರೂ ಬೈಯಲಿಲ್ಲ.

ಪ್ರತಿ ಅಕ್ಟೋಬರ್ ಮೊದಲ ಭಾನುವಾರ ವಾಚ್‌ಮನ್ ಅಣ್ಣನೇ ಬಕೆಟ್ ನೀರು ತಂದು ಫ್ಲೋಟ್ ಮುಳುಗಿಸ್ತಾರೆ. ನಾನು ಮೇಲೆ ನಿಂತು ಕೇಳಿಸ್ಕೋತೀನಿ. ನಿಮ್ಮ ಮನೆಯಲ್ಲಿ ಇಂಥದ್ದೇನಾದ್ರೂ ಇದ್ದರೆ, ಮಳೆಗೆ ಮೊದಲು ಒಂದು ಸಲ ವೈರ್ ಕಿತ್ತು ನೋಡಿ.