ದ್ರಾಕ್ಷಾರಸದ ಪರಿಮಳ ಮತ್ತು ನಮ್ಮ ನೆನಪು
(ಶತಮಾನೋತ್ಸವದ ಅಂಗವಾಗಿ ಮಾಡಿದ ಭಾಷಣ)



ಶತಮಾನೋತ್ಸವದ ಈ ಪುಣ್ಯ ಸಂದರ್ಭದಲ್ಲಿ ದ್ರಾಕ್ಷಾರಸವನ್ನು ಕುರಿತು ನಾಲ್ಕು ಮಾತನಾಡಲು ನಾವು ನಿಂತಿರುವುದು ಕೆಲವರಿಗೆ ಅಚ್ಚರಿಯೆನಿಸಬಹುದು. ಆದರೆ ನೂರು ವರ್ಷಗಳಿಂದಲೂ ಈ ದೇವಾಲಯದ ಪೀಠದ ಮೇಲೆ ಬಲಿಪೂಜೆಗಾಗಿ ಬರುತ್ತಿರುವ ಕಾಣಿಕೆಗಳು ಎರಡೇ: ಗೋಧಿಯ ರೊಟ್ಟಿ ಮತ್ತು ದ್ರಾಕ್ಷಾರಸ. ಗೋಡೆಗಳಿಗೆ ಎಷ್ಟೋ ಬಾರಿ ಸುಣ್ಣ ಬಳಿದಿದ್ದೇವೆ. ಗುರುಗಳು ಬಂದಿದ್ದಾರೆ, ಹೋಗಿದ್ದಾರೆ. ಈ ಎರಡು ವಸ್ತುಗಳು ಮಾತ್ರ ಬದಲಾಗಿಲ್ಲ. ಪೂಜೆಯ ದ್ರಾಕ್ಷಾರಸವು ದ್ರಾಕ್ಷಿಯ ಹಣ್ಣಿನಿಂದಲೇ ಆದದ್ದಾಗಿರಬೇಕು, ಸಹಜವಾಗಿರಬೇಕು, ಕೆಟ್ಟದ್ದಾಗಿರಬಾರದು ಎಂದು ೧೯೮೩ರ ಧರ್ಮಸಭೆಯ ಕಾನೂನು ಸಂಹಿತೆಯ ೯೨೪ನೆಯ ವಿಧಿಯು ವಿಧಿಸುತ್ತದೆ. ಇಷ್ಟು ಎಚ್ಚರದಿಂದ ಕಾಪಾಡಿಕೊಂಡು ಬಂದ ವಸ್ತುವನ್ನು ಕುರಿತು ಒಮ್ಮೆ ನಿಂತು ಯೋಚಿಸುವುದು ಅನುಚಿತವಾಗಲಾರದು.

ದ್ರಾಕ್ಷಾರಸದ ರುಚಿ ನಾಲಗೆಯಲ್ಲಿದೆ ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ನಾಲಗೆ ಗುರುತಿಸುವ ಮೂಲರುಚಿಗಳು ಬಹಳ ಕಡಿಮೆ: ಸಿಹಿ, ಹುಳಿ, ಉಪ್ಪು, ಕಹಿ, ಇವುಗಳ ಜೊತೆಗೆ ಮಾಂಸದ ಸಾರಿನಲ್ಲಿ ತೋರುವಂಥ ಇನ್ನೊಂದು. ಉಳಿದುದೆಲ್ಲ ಮೂಗಿನ ಕೆಲಸ. ಗುಟುಕು ಬಾಯಲ್ಲಿರುವಾಗ ಅದರ ಸುವಾಸನೆಯು ಗಂಟಲಿನ ಹಿಂಬದಿಯಿಂದ ಮೇಲೇರಿ ಮೂಗಿನ ಒಳಭಾಗವನ್ನು ತಲಪುತ್ತದೆ. ನೆಗಡಿ ಬಂದ ದಿನ ಎಂಥ ಸಾರೂ ಸಪ್ಪೆಯೆನಿಸುವುದು ಇದರಿಂದಲೇ. ೨೦೨೦ರಲ್ಲಿ ಕೊರೋನಾ ಪಿಡುಗು ಬಂದಾಗ ಅಸಂಖ್ಯ ಜನರು ವಾಸನೆಯ ಶಕ್ತಿಯನ್ನು ಕೆಲಕಾಲ ಕಳೆದುಕೊಂಡರು. ಮನೆಯ ಅನ್ನವೂ ಅವರಿಗೆ ಅಪರಿಚಿತವಾಯಿತು. ಇದ್ದಾಗ ನಾವು ಲೆಕ್ಕಿಸದ ಈ ವರದ ಬೆಲೆ ಅಂದು ಎಲ್ಲರಿಗೂ ತಿಳಿಯಿತು.

ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಹಿಡಿಯುವ ಗ್ರಾಹಕಗಳು ಸುಮಾರು ೪೦೦ ಬಗೆಯವು. ಇಂಥ ಗ್ರಾಹಕಗಳ ದೊಡ್ಡ ಬಳಗವನ್ನು ೧೯೯೧ರಲ್ಲಿ ಪತ್ತೆಹಚ್ಚಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ ೨೦೦೪ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನೋಟ, ಶ್ರವಣ, ಸ್ಪರ್ಶಗಳ ಸಂದೇಶಗಳು ಮಿದುಳಿನ ಥಾಲಮಸ್ ಎಂಬ ನಡುಠಾಣೆಯಲ್ಲಿ ಹಾದು ಮುಂದಕ್ಕೆ ಹೋಗುತ್ತವೆ. ವಾಸನೆಯ ಸಂದೇಶವಾದರೋ ಆ ಠಾಣೆಯಲ್ಲಿ ಕಾಯದೆ, ಭಾವನೆಗಳ ನೆಲೆಯಾದ ಅಮಿಗ್ಡಲವನ್ನು ನೇರವಾಗಿಯೇ ಸೇರುತ್ತದೆ; ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಅದರ ನೆರೆಯಲ್ಲಿಯೇ ಇದೆ. ಆದಕಾರಣ ಒಂದು ಪರಿಮಳಕ್ಕೆ ಹೆಸರು ಹುಡುಕುವ ಮೊದಲೇ ಮನಸ್ಸು ಅರಳುತ್ತದೆ, ಇಲ್ಲವೆ ಮುದುಡುತ್ತದೆ. ಹೆಸರು ಆಮೇಲೆ ಬರುತ್ತದೆ.

ಈ ಗುಟ್ಟನ್ನು ನಮ್ಮ ಕನ್ನಡ ನುಡಿ ಎಂದೋ ಬಲ್ಲುದಾಗಿತ್ತು. ನಾವು ಮೂಗಿಗೆ ತಾಗುವುದನ್ನು 'ವಾಸನೆ' ಎನ್ನುತ್ತೇವೆ. ಹಿಂದಿನ ಅನುಭವವು ಮನಸ್ಸಿನಲ್ಲಿ ಬಿಟ್ಟುಹೋದ ಸಂಸ್ಕಾರಕ್ಕೂ 'ವಾಸನೆ' ಎಂಬುದೇ ಹೆಸರು. ಕಾವ್ಯವನ್ನು ಓದಿ ರಸಾನುಭವ ಪಡೆಯುವವನ ಹೃದಯದಲ್ಲಿ ಪೂರ್ವದ ವಾಸನೆಗಳು ಹುದುಗಿರಬೇಕೆಂದು ಕಾಶ್ಮೀರದ ಅಭಿನವಗುಪ್ತನು ಸುಮಾರು ಸಾವಿರ ವರ್ಷಗಳ ಹಿಂದೆಯೇ ವಿವರಿಸಿದನು. ಹಣ್ಣಿನ ರಸಕ್ಕೂ ಕಾವ್ಯದ ರಸಕ್ಕೂ ಒಂದೇ ಶಬ್ದವನ್ನು ಬಳಸುವ ನಮಗೆ ಇದು ಅರ್ಥವಾಗದ ಮಾತಲ್ಲ.

ಪವಿತ್ರ ಗ್ರಂಥದಲ್ಲಿಯೂ ಇಂಥದೇ ಒಂದು ಸೋಜಿಗವಿದೆ. ಪ್ರವಾದಿ ಹೊಶೇಯನ ಗ್ರಂಥದ ಕಡೆಯ ಅಧ್ಯಾಯದಲ್ಲಿ, ದೇವರ ಕಡೆಗೆ ಮರಳಿದ ಇಸ್ರಾಯೇಲನ್ನು ಲೆಬನೋನಿನ ದ್ರಾಕ್ಷಾರಸಕ್ಕೆ ಹೋಲಿಸಲಾಗಿದೆ. ಅಲ್ಲಿ ಬರುವ ಹೀಬ್ರೂ ಶಬ್ದದ ಮೂಲಾರ್ಥ 'ಸ್ಮರಣೆ'. ಸಂತ ಜೆರೋಮರ ಲತೀನ್ ಅನುವಾದವೂ ಆ ಅರ್ಥವನ್ನೇ ಉಳಿಸಿಕೊಂಡಿದೆ. ಆದರೆ ಕೆಲವು ಭಾಷಾಂತರಕಾರರು ಅದನ್ನು 'ಪರಿಮಳ' ಎಂದು ಅನುವಾದಿಸಿದರು. ಬೇರೆ ಕೆಲವರು 'ಕೀರ್ತಿ' ಎಂದರು. ದ್ರಾಕ್ಷಾರಸದ ಪ್ರಸ್ತಾಪ ಬಂದೆಡೆಯಲ್ಲಿ ಸ್ಮರಣೆ ಯಾವುದು, ಪರಿಮಳ ಯಾವುದು ಎಂದು ಬಿಡಿಸಿ ಹೇಳುವುದು ವಿದ್ವಾಂಸರಿಗೂ ಸುಲಭವಾಗಲಿಲ್ಲ.

ಇನ್ನು ಕಾನಾ ಊರಿನ ಮದುವೆ. ಒಂದೊಂದರಲ್ಲಿ ಎರಡು ಮೂರು ಕೊಡ ನೀರು ಹಿಡಿಯುವ ಆರು ಕಲ್ಲಿನ ಬಾನಿಗಳು ಅಲ್ಲಿದ್ದವು. ಇಂದಿನ ಅಳತೆಯಲ್ಲಿ ಒಟ್ಟು ಸುಮಾರು ಐನೂರರಿಂದ ಏಳುನೂರು ಲೀಟರು. ಔತಣದ ಮೇಲ್ವಿಚಾರಕನಿಗೆ ಆ ರಸ ಎಲ್ಲಿಂದ ಬಂತೆಂದು ತಿಳಿಯದು. ಆದರೂ ಅದು ಉತ್ತಮವಾದುದೆಂದು ಅವನು ಗುರುತಿಸಿದನು. ಹೇಗೆ? ತಾನು ಹಿಂದೆ ಕಂಡ ಔತಣಗಳ ವಾಡಿಕೆಯನ್ನು ನೆನೆದು, ಅದರೊಡನೆ ಹೋಲಿಸಿದನು. ಅವನು ತೀರ್ಪುಕೊಟ್ಟದ್ದು ನೆನಪಿನ ಬಲದಿಂದ. ನೀರನ್ನು ತುಂಬಿದ ಸೇವಕರಿಗಾದರೋ ಅದರ ಮೂಲ ತಿಳಿದಿತ್ತು. ರಸ ಒಂದೇ, ಮೇಲ್ವಿಚಾರಕನಿಗೆ ಅದು ಒಳ್ಳೆಯ ಪಾನ, ಸೇವಕರಿಗೆ ಅದು ಕಣ್ಣಾರೆ ಕಂಡ ಕೃಪೆ.

ನೆನಪಿಗೆ ಮೋಸಹೋಗುವ ಗುಣವೂ ಉಂಟೆಂಬುದನ್ನು ಮರೆಯಬಾರದು. ಫ್ರಾನ್ಸ್ ದೇಶದ ಬೋರ್ಡೋ ನಗರದ ಸಂಶೋಧಕರು ದ್ರಾಕ್ಷಾರಸ ವಿದ್ಯೆಯನ್ನು ಕಲಿಯುತ್ತಿದ್ದ ೫೪ ಮಂದಿಗೆ ಬಿಳಿಯ ದ್ರಾಕ್ಷಾರಸವನ್ನೂ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಅದೇ ರಸವನ್ನೂ ಕೊಟ್ಟು ನೋಡಿದರು. ೨೦೦೧ರಲ್ಲಿ ಪ್ರಕಟವಾದ ಆ ವರದಿಯಂತೆ, ಬಣ್ಣ ಬೆರೆಸಿದುದರಲ್ಲಿ ಆ ವಿದ್ಯಾರ್ಥಿಗಳು ಕೆಂಪು ದ್ರಾಕ್ಷಾರಸದ ಪರಿಮಳಗಳನ್ನೇ ಕಂಡರು. ಅಮೆರಿಕದಲ್ಲಿ ೨೦೦೮ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಒಂದೇ ರಸವನ್ನು ಒಮ್ಮೆ ೧೦ ಡಾಲರಿನದೆಂದೂ ಮತ್ತೊಮ್ಮೆ ೯೦ ಡಾಲರಿನದೆಂದೂ ಹೇಳಿ ಕೊಡಲಾಯಿತು. ಬೆಲೆ ಹೆಚ್ಚೆಂದು ಕೇಳಿದಾಗ ಕುಡಿದವರು ಹೆಚ್ಚು ಮೆಚ್ಚಿದರು. ಮಿದುಳಿನಲ್ಲಿ ಸುಖವನ್ನು ಅಳೆಯುವ ಭಾಗವೂ ಹೆಚ್ಚು ಚುರುಕಾಯಿತು. ಅವರು ಸುಳ್ಳಾಡಲಿಲ್ಲ, ಅವರ ನಿರೀಕ್ಷೆಯೇ ರುಚಿಯಾಗಿ ಮಾರ್ಪಟ್ಟಿತ್ತು.

ನಮ್ಮ ನಾಡಿನ ಒಂದು ನಿದರ್ಶನವನ್ನು ನೋಡೋಣ. ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿ ಅಮೆರಿಕದ ಲಾಬ್ರುಸ್ಕ ಜಾತಿಯ ಸಂಬಂಧವುಳ್ಳ ತಳಿ. ಈ ಬಳಗದ ಹಣ್ಣಿಗೆ ಒಂದು ಗಾಢವಾದ ವಾಸನೆಯಿದೆ. ಐರೋಪ್ಯ ದ್ರಾಕ್ಷಾರಸಕ್ಕೆ ಒಗ್ಗಿದ ರಸಜ್ಞರು ಅದನ್ನು ನರಿಯ ವಾಸನೆಯೆಂದು ಹಳಿಯುತ್ತಾರೆ. ಆದರೆ ಕ್ರಿಸ್ತ ಜಯಂತಿಗೆ ವಾರಗಳ ಮೊದಲೇ ಆ ಕಪ್ಪು ಹಣ್ಣನ್ನು ಕಿವುಚಿ, ಸಕ್ಕರೆ, ಈಸ್ಟು, ಹಿಡಿ ಗೋಧಿ, ಚಕ್ಕೆ ಲವಂಗಗಳನ್ನು ಸೇರಿಸಿ, ಪಿಂಗಾಣಿಯ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಡುವ ಮನೆಗಳಲ್ಲಿ ಬೆಳೆದವರನ್ನು ಕೇಳಿರಿ. ಅವರಿಗೆ ಅದು ನಡುರಾತ್ರಿಯ ಪೂಜೆಯ ವಾಸನೆ. ಕೇಕಿನ ತುಣುಕಿನೊಡನೆ ಅಜ್ಜಿ ಕೊಟ್ಟ ಪುಟ್ಟ ಲೋಟದ ವಾಸನೆ. ಊರಿಗೆ ಮರಳಿದ ಅಣ್ಣಂದಿರ, ಇಂದು ನಮ್ಮೊಡನಿಲ್ಲದವರ ವಾಸನೆ. ಫ್ರಾನ್ಸಿನ ಎಷ್ಟೇ ಬೆಲೆಯ ಸೀಸೆಯೂ ಅವರಿಗೆ ಇದನ್ನು ಕೊಡಲಾರದು.

ಬಂಧುಗಳೆ, ಇಲ್ಲಿಯವರೆಗಿನದು ಸಿಹಿಯಾದ ಮಾತು. ಇದರ ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಪರಿಮಳವು ಸಂತೋಷವನ್ನು ಕಟ್ಟಿಡುವಂತೆಯೇ ಭಯವನ್ನೂ ಕಟ್ಟಿಡುತ್ತದೆ. ಸಂಜೆಯಾಯಿತೆಂದರೆ ಬಾಗಿಲ ಸದ್ದಿಗೆ ಕಿವಿಗೊಟ್ಟು, ತಂದೆಯ ಉಸಿರಿನ ವಾಸನೆಯಿಂದಲೇ ಆ ರಾತ್ರಿ ಹೇಗೆ ಕಳೆಯುವುದೆಂದು ಅಳೆಯುವ ಮಕ್ಕಳು ನಮ್ಮ ಕೇರಿಗಳಲ್ಲಿಲ್ಲವೆ? ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆಯೂ ಮದ್ಯದ ವಾಸನೆ ಮೂಗಿಗೆ ಬಿದ್ದೊಡನೆ ಕೈಕಾಲು ತಣ್ಣಗಾಗುವುದುಂಟು. ನಮ್ಮ ರಾಜ್ಯದಲ್ಲಿ ಸಾರಾಯಿಯ ಮಾರಾಟ ೨೦೦೭ರಲ್ಲಿ ನಿಷೇಧವಾಯಿತು. ಕುಡಿತದಿಂದ ಒಡೆದ ಮನೆಗಳ ಸಂಖ್ಯೆ ಅಷ್ಟರಿಂದಲೇ ಮುಗಿಯಲಿಲ್ಲ. ಮಿತವಾದ ದ್ರಾಕ್ಷಾರಸ ಹೃದಯಕ್ಕೆ ಹರ್ಷವೆಂದು ಸಿರಾಖನ ಗ್ರಂಥವು ಹೇಳುವ ಅಧ್ಯಾಯದಲ್ಲಿಯೇ, ಮಿತಿಮೀರಿದುದು ಕಹಿಯೆಂದೂ ಜಗಳಕ್ಕೆ ಮೂಲವೆಂದೂ ಎಚ್ಚರಿಸಿದೆ. ಸಂತ ಪೌಲರು ತಿಮೊಥೇಯನಿಗೆ ಹೊಟ್ಟೆಯ ಬಾಧೆಗಾಗಿ ಸೂಚಿಸಿದ್ದು ಕೂಡ ಸ್ವಲ್ಪವನ್ನು ಮಾತ್ರ.

ಆದುದರಿಂದ ದ್ರಾಕ್ಷಾರಸವನ್ನು ಸವಿಯುವುದೆಂದರೆ ಹೆಚ್ಚು ಕುಡಿಯುವುದಲ್ಲ. ಲೋಟವನ್ನು ಅವಸರದಿಂದ ಬರಿದು ಮಾಡುವವನಿಗೆ ಪರಿಮಳ ದಕ್ಕದು. ಮೂರನೆಯ ಲೋಟದ ಮೇಲೆ ನೆನಪೂ ಉಳಿಯದು. ನಿಧಾನ, ಕೃತಜ್ಞತೆ, ಜೊತೆಯಲ್ಲಿ ಕುಳಿತವರ ಪ್ರೀತಿ, ಇವಿಲ್ಲದೆಡೆ ಸವಿ ಎಂಬುದಿಲ್ಲ. ಯಾರ ಮನೆಯಲ್ಲಿ ಈ ಪಾನವು ಕಣ್ಣೀರಿಗೆ ಕಾರಣವಾಗಿದೆಯೋ ಅಂಥವರು ಅದನ್ನು ಪೂರ್ತಿಯಾಗಿ ತ್ಯಜಿಸುವುದೇ ಲೇಸು. ಅಂಥ ತ್ಯಾಗವನ್ನು ನಾವು ಹಬ್ಬದ ಪಂಕ್ತಿಯಲ್ಲಿ ಗೇಲಿ ಮಾಡದೆ ಗೌರವಿಸಬೇಕು; ಬೇಡವೆಂದವನಿಗೆ ಇನ್ನೊಂದು ಲೋಟ ಒತ್ತಾಯಿಸುವುದು ಸತ್ಕಾರವಲ್ಲ. ಕ್ರಿಸ್ತ ಜಯಂತಿಯ ಮೇಜು ಅವನಿಗೂ, ಅವನ ಹೆಂಡತಿ ಮಕ್ಕಳಿಗೂ ನಿರ್ಭಯದ ಸ್ಥಳವಾಗಬೇಕು.

ಪ್ರಭು ಯೇಸು ತಮ್ಮ ಕಡೆಯ ಭೋಜನದ ರಾತ್ರಿ ಶಿಷ್ಯರಿಗೆ ಸ್ಮಾರಕವಾಗಿ ಶಿಲೆಯನ್ನಾಗಲಿ ಸ್ತಂಭವನ್ನಾಗಲಿ ಬಿಡಲಿಲ್ಲ. ರೊಟ್ಟಿಯನ್ನೂ ಪಾತ್ರೆಯನ್ನೂ ಕೈಗಿತ್ತು, ತಮ್ಮ ಸ್ಮರಣೆಗಾಗಿ ಹಾಗೆ ಮಾಡುತ್ತಿರಲು ಆಜ್ಞಾಪಿಸಿದರು. ಧರ್ಮಸಭೆ ಬಳಸುವ ಗ್ರೀಕ್ ಮಾತು 'ಅನಾಮ್ನೆಸಿಸ್'. ಅದು ಕಳೆದುದನ್ನು ಬರಿದೆ ನೆನೆಯುವುದಲ್ಲ, ನೆನೆದುದು ನಮ್ಮ ಮುಂದೆ ಸನ್ನಿಹಿತವಾಗುವುದು. ದ್ರಾಕ್ಷಾರಸದ ಒಂದು ಪರಿಮಳವು ಅಗಲಿದ ಅಜ್ಜಿಯನ್ನು ಕ್ಷಣಕಾಲ ಹತ್ತಿರ ತರಬಲ್ಲುದಾದರೆ, ಅದು ಮನಸ್ಸಿನ ಶಕ್ತಿ. ಪೀಠದ ಮೇಲಿನ ಪಾತ್ರೆಯಲ್ಲಿ ನಡೆಯುವುದು ಅದಕ್ಕಿಂತ ಹಿರಿದು. ಅಲ್ಲಿ ಕಾರ್ಯ ಮಾಡುವುದು ನಮ್ಮ ನೆನಪಲ್ಲ, ದೇವರ ನಂಬಿಕೆಯುಳ್ಳ ಪ್ರೀತಿ. ಆದರೂ ಮೊದಲನೆಯದನ್ನು ಬಲ್ಲವನಿಗೆ ಎರಡನೆಯದರ ಬಾಗಿಲು ಸ್ವಲ್ಪವಾದರೂ ತೆರೆದಿರುತ್ತದೆ.

ಈಗ ಹೊರಬರುತ್ತಿರುವ ಗ್ರಂಥವನ್ನು ನಾವು ಸ್ಮರಣ ಸಂಚಿಕೆ ಎಂದು ಕರೆಯುತ್ತಿದ್ದೇವೆ. ಇದರಲ್ಲಿ ಭಾವಚಿತ್ರಗಳಿವೆ, ಹೆಸರುಗಳಿವೆ, ಇಸವಿಗಳಿವೆ. ಆದರೆ ಇಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳು ಐವತ್ತು ವರ್ಷಗಳ ಮೇಲೆ ಈ ಧರ್ಮಕೇಂದ್ರವನ್ನು ನೆನೆಯುವುದು ಪುಟಗಳಿಂದಲ್ಲ. ಧೂಪದ ಹೊಗೆ, ಮೇಣದ ಬತ್ತಿ, ದೃಢೀಕರಣದ ದಿನ ಹಣೆಗೆ ಹಚ್ಚಿದ ಸುಗಂಧ ತೈಲ, ಮನೆಯ ಹಬ್ಬದ ಲೋಟ, ಇವುಗಳ ವಾಸನೆಯಿಂದ. ಆ ನೆನಪಿನೊಳಗೆ ಪ್ರೀತಿಯನ್ನಿಡಬೇಕೆ, ಭಯವನ್ನಿಡಬೇಕೆ ಎಂಬುದು ಇಂದು ನಮ್ಮ ಕೈಯಲ್ಲಿದೆ. ನಾವು ಕ್ರಿಸ್ತನ ಪರಿಮಳವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಆ ಮಾತಿಗೆ ನಮ್ಮ ಮನೆಗಳು ಯೋಗ್ಯವಾಗಲಿ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮೀ ಧರ್ಮಕೇಂದ್ರದ ಮೇಲೆ ಪ್ರಭುವಿನ ಕೃಪೆಯೂ ಮಾತೆ ಮರಿಯಮ್ಮನವರ ಆಸರೆಯೂ ಸದಾ ಇರಲಿ ಎಂದು ಪ್ರಾರ್ಥಿಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.