‘ಸ್ಟಾಕ್ ಇಲ್ಲ’ ಎನ್ನುವ ಮುನ್ನ

ಇಂದು ಫಾರ್ಮಸಿ ಪದವಿ ಪಡೆಯುತ್ತಿರುವ ಗೆಳೆಯರೇ, ಔರಾದ, ಕಮಲನಗರದ ಕಡೆಯಿಂದ ಬೆಳಿಗ್ಗೆಯೇ ಹೊರಟು ಬಂದಿರುವ ತಂದೆ-ತಾಯಂದಿರೇ,

ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಊರು ಈ ಭಾಲ್ಕಿ. ‘ಆಗೋದಿಲ್ಲ’ ಅಂದರೆ ಸುಮ್ಮನೆ ಒಪ್ಪಿಕೊಳ್ಳದ ಊರು. ಅದಕ್ಕೇ ದವಾಖಾನಿಯ ಔಷಧ ಕಿಟಕಿಯಲ್ಲಿ ಕೇಳಿಬರುವ ‘ಸ್ಟಾಕ್ ಇಲ್ಲ’ ಎಂಬ ಉತ್ತರದ ಬಗ್ಗೆ ಇಲ್ಲಿ ಮಾತಾಡಬೇಕೆನಿಸಿತು.

ಕ್ಯಾನ್ಸರ್ ಬಂದ ಮಗುವಿನ ಮನೆಗೆ ಆ ಉತ್ತರ ಎಷ್ಟು ದುಬಾರಿ ನೋಡಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ರಕ್ತದ ಕ್ಯಾನ್ಸರ್. ಅದರ ಸಾಮಾನ್ಯ ಬಗೆಯಲ್ಲಿ ಮೊದಲ ತಿಂಗಳುಗಳ ಕಠಿಣ ಚಿಕಿತ್ಸೆ ಮುಗಿದ ಮೇಲೂ ಸುಮಾರು ಎರಡು ವರ್ಷ ಮನೆಯಲ್ಲೇ ಗುಳಿಗೆ ನಡೆಯಬೇಕು: ಮರ್ಕ್ಯಾಪ್ಟೊಪ್ಯೂರಿನ್ ದಿನವೂ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ. ಸಾಮಾನ್ಯವಾಗಿ ಸಿಗುವುದು 50 ಮಿ.ಗ್ರಾಂ.ನ ಮರ್ಕ್ಯಾಪ್ಟೊಪ್ಯೂರಿನ್ ಗುಳಿಗೆ. ಪುಟ್ಟ ಮಗುವಿಗೆ ಅಷ್ಟು ಬೇಡ. ತಾಯಿ ಅದನ್ನು ಮುರಿದು, ಇವತ್ತು ಅರ್ಧ, ನಾಳೆ ಇಡೀ ಎಂದು ಡಾಕ್ಟರು ಬರೆದ ಹಾಗೆ ಲೆಕ್ಕವಿಟ್ಟು ಕೊಡುತ್ತಾಳೆ. ಅಷ್ಟರಲ್ಲಿ ಮಗುವಿಗೆ ಕೂದಲು ಬಂದಿರುತ್ತದೆ, ಅದು ಓಣಿಯಲ್ಲಿ ಆಡುತ್ತಿರುತ್ತದೆ. ಗುಳಿಗೆ ಸಿಗದಿದ್ದರೆ ‘ಹದಿನೈದು ದಿನ ಬಿಟ್ಟರೇನಾಯ್ತು’ ಎಂದು ಮನೆಯವರಿಗೆ ಅನಿಸುವುದು ಸಹಜ. ಆದರೆ ಗುಳಿಗೆ ತಪ್ಪಿದಷ್ಟೂ ರೋಗ ಮರಳುವ ಅಪಾಯ ಹೆಚ್ಚು. ಮರಳಿದ ರೋಗವನ್ನು ಗೆಲ್ಲುವುದು ಬಹಳ ಕಷ್ಟ.

ವಿಚಿತ್ರವೆಂದರೆ, ಹೀಗೆ ಕಾಣೆಯಾಗುವುದು ಹೆಚ್ಚಾಗಿ ಅಗ್ಗದ, ಹಳೆಯ ಔಷಧಗಳೇ. ಲಾಭ ಕಡಿಮೆ, ಹಾಗಾಗಿ ತಯಾರಿಸುವವರೂ ಕಡಿಮೆ. ಇದೇ ಕ್ಯಾನ್ಸರಿಗೆ ಕೊಡುವ, ನಮ್ಮ ಅಂಗಳದ ನಿತ್ಯಪುಷ್ಪದಿಂದ ಬರುವ ವಿನ್‌ಕ್ರಿಸ್ಟಿನ್ ನೋಡಿ. 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಅದರ ಪೂರೈಕೆಯನ್ನು ಟೆವಾ ಕಂಪನಿ ಬಿಟ್ಟಿತು, ಫೈಜರ್ ಒಂದೇ ಉಳಿಯಿತು. ಅಮೆರಿಕದ ಮಕ್ಕಳ ಆಸ್ಪತ್ರೆಗಳೇ ಪರದಾಡಿದವು. 2022ರ ಕೊನೆಯಲ್ಲಿ ಗುಜರಾತಿನ ಒಂದು ಕಾರ್ಖಾನೆಯ ತಪಾಸಣೆಯಲ್ಲಿ ಲೋಪಗಳು ಸಿಕ್ಕಿ ಉತ್ಪಾದನೆ ನಿಂತಾಗ, ಮರುವರ್ಷ ಅಮೆರಿಕದಲ್ಲಿ ಇನ್ನೊಂದು ಕ್ಯಾನ್ಸರ್ ಔಷಧವಾದ ಸಿಸ್ಪ್ಲಾಟಿನ್‌ಗೆ ಹಾಹಾಕಾರ. ಸಿರಿವಂತ ದೇಶದ ಪಾಡೇ ಇದು. ಅಂಥ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಗುಣವಾಗುತ್ತಾರೆ. ಬಡ ದೇಶಗಳೂ ಸೇರಿ ಎಲ್ಲೆಡೆ 2030ರೊಳಗೆ ಕನಿಷ್ಠ ಶೇ. 60 ಮಕ್ಕಳಾದರೂ ಉಳಿಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇಟ್ಟುಕೊಂಡ ಗುರಿ.

ಇನ್ನು ನಮ್ಮ ಜಿಲ್ಲೆಯನ್ನೇ ನೋಡಿ. ಬೀದರಿನ ಕೊಳಾರದಲ್ಲಿ, ಹುಮನಾಬಾದಿನಲ್ಲಿ ಔಷಧದ ಕಚ್ಚಾ ಸಾಮಗ್ರಿ ಮಾಡುವ ಕಾರ್ಖಾನೆಗಳಿವೆ. ನಿಮ್ಮಲ್ಲಿ ಕೆಲವರು ಅಲ್ಲಿಗೇ ಕೆಲಸಕ್ಕೆ ಹೋಗುತ್ತೀರಿ. ಅದೇ ಜಿಲ್ಲೆಯ ಮಗು ಮಾತ್ರ ಚಿಕಿತ್ಸೆಗೆ ಹೆಚ್ಚಾಗಿ ಹೈದರಾಬಾದಿಗೋ, ಸುಮಾರು 700 ಕಿ.ಮೀ. ದೂರದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಬೇಕಾಗುತ್ತದೆ. ಗುಳಿಗೆಗಾಗಿ ಮತ್ತೊಮ್ಮೆ ಅಷ್ಟೇ ದಾರಿ ಸವೆಸುವುದೆಂದರೆ ಆ ಕುಟುಂಬದ ವಾರದ ಕೂಲಿ ಹೋದಂತೆ. ಇದನ್ನು ನಾನು ವಿಧಿ ಅನ್ನುವುದಿಲ್ಲ, ಹೊಣೆಗೇಡಿತನ ಅನ್ನುತ್ತೇನೆ.

ಟೆಂಡರು, ಬೆಲೆ ನಿಗದಿ ನಿಮ್ಮ ಕೈಯಲ್ಲಿಲ್ಲ, ನಿಜ. ಆದರೆ ಇಂಡೆಂಟು, ಅಂದರೆ ಔಷಧ ತರಿಸುವ ಬೇಡಿಕೆ ಪತ್ರ, ನಿಮ್ಮ ಕೈಯಲ್ಲಿದೆ. ಡಬ್ಬಿ ಖಾಲಿಯಾದ ಮೇಲಲ್ಲ, ಮೂರು ತಿಂಗಳ ಸ್ಟಾಕ್ ಉಳಿದಿರುವಾಗಲೇ ಬರೆಯಿರಿ. ಅವಸರದಲ್ಲಿ ಗುರುತಿಲ್ಲದವರ ಮಾಲು ತರಿಸಬೇಡಿ. ಕಳಪೆ ಔಷಧವು ಔಷಧವೇ ಇಲ್ಲದಿರುವುದಕ್ಕಿಂತ ಮೋಸದ್ದು. ಬೀದರ್, ಕಲಬುರಗಿ, ಹೈದರಾಬಾದಿನ ಯಾವ ಯಾವ ಅಂಗಡಿ, ಆಸ್ಪತ್ರೆಯಲ್ಲಿ ಈ ಗುಳಿಗೆಗಳು ಸಿಗುತ್ತವೆ ಎಂಬ ಪಟ್ಟಿಯನ್ನು ಕೆಲಸಕ್ಕೆ ಸೇರಿದ ಮೊದಲ ವಾರವೇ ಮಾಡಿ ಕಿಟಕಿಯ ಪಕ್ಕ ಅಂಟಿಸಿ. ಔಷಧ ಇಲ್ಲದ ದಿನ ಆ ತಾಯಿಯನ್ನು ಕೂಡಿಸಿ, ನೀವೇ ಫೋನು ಮಾಡಿ, ಎಲ್ಲಿ ಇದೆ ಎಂದು ಚೀಟಿಯಲ್ಲಿ ಬರೆದು ಕೊಡಿ.